ಉಲ್ಲೇಖದ ಅಳತೆಗೋಲು: ರಸಾಯನವಿಜ್ಞಾನಿ ಜೇಮ್ಸ್ ಕಾಲ್ಮನ್ನರ ಸಂಶೋಧನೆಯ ಬೆಳಕಿನಲ್ಲಿ

ಕವಿಯ ಹಿರಿಮೆಗೆ ಸಹೃದಯರ ಮನಸ್ಸೇ ಒರೆಗಲ್ಲು. ವ್ಯಾಪಾರಿಯ ಸ್ಥಿತಿಗತಿಯನ್ನು ತಿಳಿಯಲು ಅವನ ಲೆಕ್ಕದ ಪುಸ್ತಕವಿದೆ. ವಿಜ್ಞಾನಿಯ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ? ಈ ಪ್ರಶ್ನೆಗೆ ಈಚಿನ ದಶಕಗಳಲ್ಲಿ ಒಂದು ಸುಲಭವಾದ ಉತ್ತರ ದೊರೆತಿದೆ: ಅವನ ಪ್ರಬಂಧಗಳನ್ನು ಇತರ ವಿಜ್ಞಾನಿಗಳು ತಮ್ಮ ಬರೆಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಎಣಿಸಿದರೆ ಸಾಕು ಎನ್ನುವರು. ಈ ಎಣಿಕೆಯ ಆಧಾರದ ಮೇಲೆ ವಿಜ್ಞಾನಿಗಳಿಗೆ ಹುದ್ದೆ, ಬಡ್ತಿ, ಧನಸಹಾಯ, ಪ್ರಶಸ್ತಿಗಳು ದೊರೆಯುತ್ತಿವೆ. ನಮ್ಮ ದೇಶದಲ್ಲಿಯೂ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಕೆಲಸವನ್ನು ಅಂಕಗಳಿಂದ ಅಳೆಯುವ ಪದ್ಧತಿಯನ್ನು ತಂದಿತ್ತು. ಆದುದರಿಂದ ಈ ಅಳತೆಗೋಲು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದನ್ನು ಅರಿಯುವುದು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅವಶ್ಯಕ.

ಬರಿಯ ಮಾತಿನಿಂದ ಇದನ್ನು ನಿರ್ಣಯಿಸುವುದಕ್ಕಿಂತ ಒಬ್ಬ ವಿಜ್ಞಾನಿಯ ಕೆಲಸವನ್ನು ಕಣ್ಣ ಮುಂದಿಟ್ಟುಕೊಂಡು ಪರೀಕ್ಷಿಸುವುದು ಲೇಸು. ಅದಕ್ಕಾಗಿ ಇಲ್ಲಿ ಅಮೆರಿಕದ ರಸಾಯನವಿಜ್ಞಾನಿ ಜೇಮ್ಸ್ ಕಾಲ್ಮನ್ನರನ್ನು ಆರಿಸಿಕೊಂಡಿದೆ. ಪಾರ್ಫಿರಿನ್ ರಸಾಯನ, ಸಾವಯವ ಲೋಹ ರಸಾಯನ ಎಂಬ ಎರಡು ಕ್ಷೇತ್ರಗಳಲ್ಲಿಯೂ ಅವರ ಹೆಸರು ಮತ್ತೆ ಮತ್ತೆ ಬರುವಂಥದು.

ಮೊದಲು ಉಲ್ಲೇಖದ ಮಾತು. ಸಂಶೋಧಕನು ಪ್ರಬಂಧ ಬರೆಯುವಾಗ ತಾನು ಯಾರ ಕೆಲಸವನ್ನು ಆಧರಿಸಿದ್ದೇನೆ, ಯಾರ ವಿಧಾನವನ್ನು ಬಳಸಿದ್ದೇನೆ, ಯಾರ ಅಭಿಪ್ರಾಯವನ್ನು ಒಪ್ಪುವುದಿಲ್ಲ ಎಂಬುದನ್ನು ಹೇಳಲೇಬೇಕು. ಇದು ವಿಜ್ಞಾನದ ಋಣಸಂದಾಯ. ಹೀಗೆ ಸಾವಿರಾರು ಪ್ರಬಂಧಗಳಲ್ಲಿ ಚೆದರಿಹೋಗಿದ್ದ ಋಣಪತ್ರಗಳನ್ನೆಲ್ಲ ಒಂದೆಡೆ ಸೇರಿಸಿ ಸೂಚಿಯನ್ನು ಮಾಡಬಹುದೆಂದು ತೋರಿಸಿದವರು ಯೂಜೀನ್ ಗಾರ್‌ಫೀಲ್ಡ್. 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಈ ಯೋಜನೆಯನ್ನು ಮುಂದಿಟ್ಟರು. ಫಿಲಡೆಲ್ಫಿಯಾದ ಅವರ ಸಂಸ್ಥೆ 1960ರ ದಶಕದಲ್ಲಿ ವಿಜ್ಞಾನ ಉಲ್ಲೇಖಸೂಚಿಯನ್ನು ಹೊರತಂದಿತು. ಒಂದು ಹಳೆಯ ಪ್ರಬಂಧವನ್ನು ಹಿಡಿದುಕೊಂಡು, ಅದರಿಂದ ಮುಂದೆ ಯಾವ ಯಾವ ಕೆಲಸ ಹುಟ್ಟಿತೆಂದು ಹುಡುಕಲು ಸಂಶೋಧಕನಿಗೆ ಅನುಕೂಲವಾಗಲೆಂಬುದು ಅದರ ಮೊದಲ ಉದ್ದೇಶ. ಹುಡುಕುವುದಕ್ಕಾಗಿ ಹುಟ್ಟಿದ ಸಾಧನವು ಕ್ರಮೇಣ ತೂಗುವ ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಅವರು ಒಬ್ಬ ವಿಜ್ಞಾನಿಯ ಜೀವಮಾನದ ಕೆಲಸವನ್ನೆಲ್ಲ ಒಂದೇ ಅಂಕದಲ್ಲಿ ಹೇಳುವ ಬಗೆಯನ್ನು ಸೂಚಿಸಿದರು. ಒಬ್ಬರ 30 ಪ್ರಬಂಧಗಳು ತಲಾ 30 ಸಲವಾದರೂ ಉಲ್ಲೇಖಗೊಂಡಿದ್ದು, 31 ಪ್ರಬಂಧಗಳಿಗೆ ತಲಾ 31 ಉಲ್ಲೇಖಗಳು ದೊರೆಯದಿದ್ದರೆ, ಅವರ ಅಂಕ 30. ಲೆಕ್ಕ ಇಷ್ಟೇ.

ಇಲ್ಲೊಂದು ಸ್ವಾರಸ್ಯವಾದ ಸಂಗತಿಯುಂಟು. ಗಾರ್‌ಫೀಲ್ಡರಿಗೆ ಮಾದರಿಯಾದುದು ವಿಜ್ಞಾನದ ಗ್ರಂಥವಲ್ಲ. ಅಮೆರಿಕದ ವಕೀಲರು 1873ರಿಂದ ಬಳಸುತ್ತ ಬಂದ, ಶೆಪರ್ಡ್ ಎಂಬಾತನ ಹೆಸರಿನ ತೀರ್ಪುಗಳ ಸೂಚಿ. ಒಂದು ತೀರ್ಪನ್ನು ಮುಂದಿನ ಯಾವ ಮೊಕದ್ದಮೆಗಳಲ್ಲಿ ಎತ್ತಿ ಹೇಳಿದ್ದಾರೆಂಬುದನ್ನು ಅದು ತಿಳಿಸುತ್ತಿತ್ತು. ಅಷ್ಟೇ ಅಲ್ಲ, ಮುಂದಿನ ನ್ಯಾಯಾಧೀಶರು ಆ ತೀರ್ಪನ್ನು ಅನುಸರಿಸಿದರೋ, ಬದಿಗಿಟ್ಟರೋ, ತಳ್ಳಿಹಾಕಿದರೋ ಎಂಬುದನ್ನೂ ಗುರುತು ಹಾಕಿ ತೋರಿಸುತ್ತಿತ್ತು. ವಕೀಲನಿಗೆ ಈ ಗುರುತೇ ಪ್ರಾಣ. ಬಿದ್ದುಹೋದ ತೀರ್ಪನ್ನು ಹಿಡಿದು ವಾದಿಸಿದರೆ ಮೊಕದ್ದಮೆಯೇ ಬೀಳುತ್ತದೆ. ವಿಜ್ಞಾನದ ಎಣಿಕೆಯಲ್ಲಿ ಈ ಗುರುತು ಬಿಟ್ಟುಹೋಯಿತು. ಒಪ್ಪಿ ಹೇಳಿದರೂ ಒಂದು, ಖಂಡಿಸಿ ಹೇಳಿದರೂ ಒಂದು. ಇದರ ಪರಿಣಾಮವೇನೆಂಬುದನ್ನು ಕಾಲ್ಮನ್ನರ ಕೆಲಸದಲ್ಲಿಯೇ ಮುಂದೆ ಕಾಣುವೆವು.

ಈಗ ಅವರ ಕ್ಷೇತ್ರಗಳ ಪರಿಚಯ. ಪಾರ್ಫಿರಿನ್ ಎಂಬ ಹೆಸರು ಕೆನ್ನೀಲಿ ಬಣ್ಣವನ್ನು ಸೂಚಿಸುವ ಗ್ರೀಕ್ ಮಾತಿನಿಂದ ಬಂದದ್ದು. ಪಿರೋಲ್ ಎಂಬ ನಾಲ್ಕು ಪುಟ್ಟ ಉಂಗುರಗಳು ಇಂಗಾಲದ ನಾಲ್ಕು ಸೇತುವೆಗಳಿಂದ ಕೂಡಿಕೊಂಡು ಒಂದು ದೊಡ್ಡ ಚಪ್ಪಟೆಯ ಉಂಗುರವಾಗುತ್ತವೆ. ಅದರ ನಡುವೆ ನಾಲ್ಕು ಸಾರಜನಕ ಪರಮಾಣುಗಳು ಒಳಮುಖವಾಗಿ ನಿಂತು, ಒಂದು ಲೋಹದ ಪರಮಾಣುವನ್ನು ಹಿಡಿದುಕೊಳ್ಳಬಲ್ಲವು. ಉಂಗುರದಲ್ಲಿ ಹರಳನ್ನು ಕೂರಿಸಿದಂತೆ ಎನ್ನಬಹುದು. ನಡುವೆ ಕಬ್ಬಿಣವಿದ್ದರೆ ಅದು ಹೀಮ್. ನಮ್ಮ ರಕ್ತದ ಕೆಂಪು ಅದರದೇ. ಇದೇ ಮನೆತನದ ಮತ್ತೊಂದು ಉಂಗುರದಲ್ಲಿ ಮೆಗ್ನೀಸಿಯಂ ಕೂತರೆ ಅದು ಎಲೆಯ ಹಸುರಾದ ಪತ್ರಹರಿತ್ತು. ಹೀಮಿನ್ ಎಂಬ ರಕ್ತದ ವರ್ಣಕವನ್ನು 1929ರಲ್ಲಿ ಪ್ರಯೋಗಶಾಲೆಯಲ್ಲಿ ಕಟ್ಟಿದ ಜರ್ಮನಿಯ ಹಾನ್ಸ್ ಫಿಷರ್ 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಪತ್ರಹರಿತ್ತಿನ ಸಂಶ್ಲೇಷಣೆಯನ್ನು 1960ರಲ್ಲಿ ಸಾಧಿಸಿದವರು ವುಡ್‌ವರ್ಡ್.

ಸಾವಯವ ಲೋಹ ಸಂಯುಕ್ತಗಳೆಂದರೆ ಲೋಹವು ಇಂಗಾಲದೊಡನೆ ನೇರವಾಗಿ ಬಂಧಗೊಂಡಿರುವ ವಸ್ತುಗಳು. 1951ರಲ್ಲಿ ವರದಿಯಾದ ಫೆರೊಸೀನ್ ಎಂಬ ಕಿತ್ತಳೆ ಬಣ್ಣದ ವಸ್ತುವಿನಲ್ಲಿ ಕಬ್ಬಿಣದ ಪರಮಾಣುವು ಎರಡು ಇಂಗಾಲದ ಉಂಗುರಗಳ ನಡುವೆ ಸಿಕ್ಕಿಕೊಂಡಿದೆ ಎಂದು ಮರುವರ್ಷ ತಿಳಿದಾಗ ಈ ಕ್ಷೇತ್ರಕ್ಕೆ ಹೊಸ ಹುರುಪು ಬಂದಿತು. ಲೋಹಗಳು ಅಣುಗಳನ್ನು ಹಿಡಿದು, ಒಡೆದು, ಜೋಡಿಸಿ, ಬಿಟ್ಟುಕೊಡುವ ಕ್ರಮವನ್ನು ಅರಿತರೆ ಒಳ್ಳೆಯ ಕ್ರಿಯಾವರ್ಧಕಗಳನ್ನು ಮಾಡಬಹುದು. ಹೀಗೆ ನೋಡಿದರೆ ಎರಡು ಕ್ಷೇತ್ರಗಳ ಹಿಂದೆಯೂ ಇರುವ ಪ್ರಶ್ನೆ ಒಂದೇ: ಲೋಹವು ಒಂದು ಚಿಕ್ಕ ಅಣುವನ್ನು ಹಿಡಿದಾಗ ಅದಕ್ಕೆ ಏನಾಗುತ್ತದೆ?

ಈ ಪ್ರಶ್ನೆಯೇ ಕಾಲ್ಮನ್ನರ ಜೀವನದ ಎಳೆ. ಅವರು 1932ರಲ್ಲಿ ನೆಬ್ರಾಸ್ಕ ಸಂಸ್ಥಾನದ ಬೀಟ್ರಿಸ್ ಎಂಬ ಊರಿನಲ್ಲಿ ಹುಟ್ಟಿದರು. ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಓದಿ, 1958ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟೊರೇಟ್ ಪಡೆದರು. ಅನಂತರ ಉತ್ತರ ಕ್ಯಾರೊಲಿನದ ಚಾಪಲ್ ಹಿಲ್‌ನಲ್ಲಿ ಅಧ್ಯಾಪಕರಾಗಿದ್ದು, 1967ರಲ್ಲಿ ಸ್ಟಾನ್‌ಫರ್ಡ್‌ಗೆ ಬಂದರು. ಚಾಪಲ್ ಹಿಲ್‌ನಲ್ಲಿ ಅವರು ಲೋಹವನ್ನು ಸುತ್ತುವರಿದ ಉಂಗುರಗಳ ಮೇಲೆಯೇ, ಲೋಹ ಕಳಚಿಹೋಗದಂತೆ, ರಾಸಾಯನಿಕ ಕ್ರಿಯೆಗಳನ್ನು ನಡೆಸಬಹುದೆಂದು ತೋರಿಸಿದರು. 1965ರಲ್ಲಿ ಟೊರಾಂಟೊದ ಆಲನ್ ಮತ್ತು ಸೆನೊಫ್ ಅವರು ಗಾಳಿಯ ಸಾರಜನಕದ ಅಣು ರುತೇನಿಯಂ ಲೋಹಕ್ಕೆ ಅಂಟಿಕೊಂಡ ಸಂಯುಕ್ತವನ್ನು ವರದಿಮಾಡಿದಾಗ ರಸಾಯನವಿಜ್ಞಾನಿಗಳೆಲ್ಲ ಬೆರಗಾದರು. ಸಾರಜನಕ ಅಷ್ಟು ಜಡವೆಂಬುದು ಅಂದಿನ ನಂಬಿಕೆ. ಮರುವರ್ಷವೇ ಕಾಲ್ಮನ್ ಮತ್ತು ಅವರ ಸಹೋದ್ಯೋಗಿ ಕ್ಯಾಂಗ್ ಇರಿಡಿಯಂ ಲೋಹದ ಅಂಥದೇ ಸಂಯುಕ್ತವನ್ನು ಪ್ರಕಟಿಸಿದರು.

ಸ್ಟಾನ್‌ಫರ್ಡ್‌ನಲ್ಲಿ ಅವರ ದೃಷ್ಟಿ ಸಾರಜನಕದಿಂದ ಆಮ್ಲಜನಕದ ಕಡೆಗೆ ಹೊರಳಿತು. ರಕ್ತದಲ್ಲಿರುವ ಹಿಮೋಗ್ಲೋಬಿನ್, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಇವೆರಡರಲ್ಲಿಯೂ ಹೀಮ್ ಇದೆ. ಅದರ ಕಬ್ಬಿಣವು ಆಮ್ಲಜನಕವನ್ನು ಹಿಡಿಯುತ್ತದೆ, ಬೇಕಾದೆಡೆ ಬಿಡುತ್ತದೆ. ಆದರೆ ಪ್ರೋಟೀನಿನಿಂದ ಹೀಮನ್ನು ಹೊರತೆಗೆದು ದ್ರಾವಣದಲ್ಲಿಟ್ಟು ಆಮ್ಲಜನಕವನ್ನು ಹಾಯಿಸಿದರೆ, ಅದು ಹಿಡಿಯುತ್ತದೆಯೇ ಹೊರತು ಬಿಡುವುದಿಲ್ಲ. ಒಂದು ಆಮ್ಲಜನಕದ ಅಣುವನ್ನು ಎರಡು ಕಡೆಯಿಂದ ಎರಡು ಹೀಮ್‌ಗಳು ಹಿಡಿದುಕೊಳ್ಳುತ್ತವೆ, ಅಣು ಸೀಳಿಹೋಗುತ್ತದೆ, ಕೊನೆಗೆ ಎರಡು ಕಬ್ಬಿಣಗಳ ನಡುವೆ ಒಂದು ಆಮ್ಲಜನಕ ಪರಮಾಣು ಶಾಶ್ವತವಾಗಿ ಸಿಕ್ಕಿಕೊಳ್ಳುತ್ತದೆ. ಬಯಲಲ್ಲಿಟ್ಟ ಕಬ್ಬಿಣ ತುಕ್ಕು ಹಿಡಿದಂತೆಯೇ ಇದು. ಹಾಗಾದರೆ ನಮ್ಮ ರಕ್ತ ಏಕೆ ತುಕ್ಕು ಹಿಡಿಯುವುದಿಲ್ಲ? ಪ್ರೋಟೀನಿನ ಮಡಿಕೆಗಳು ಒಂದೊಂದು ಹೀಮನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟಂತೆ ಕಾಪಾಡುತ್ತವೆ. ಎರಡು ಹೀಮ್‌ಗಳು ಎದುರುಬದುರಾಗಲು ಎಡೆಯೇ ಇಲ್ಲ.

ಪ್ರೋಟೀನಿಲ್ಲದೆಯೇ ಈ ಕಾಪನ್ನು ಒದಗಿಸಬಹುದೇ? 1958ರಲ್ಲಿ ವಾಂಗ್ ಎಂಬ ವಿಜ್ಞಾನಿ ಹೀಮನ್ನು ಪಾಲಿಸ್ಟೈರೀನ್‌ನಲ್ಲಿ ಹುದುಗಿಸಿ ಆಮ್ಲಜನಕವನ್ನು ಹಿಡಿದು ಬಿಡಿಸಿದ್ದರು. ದ್ರಾವಣದಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ, ಸರಳವಾದ ಕಬ್ಬಿಣದ ಪಾರ್ಫಿರಿನ್‌ನಿಂದ ಅದನ್ನು ಮಾಡಿಸುವುದು ಉಳಿದಿತ್ತು. ಕಾಲ್ಮನ್ ಮತ್ತು ಅವರ ಸಂಗಡಿಗರು ಕಂಡುಕೊಂಡ ಉಪಾಯ ನಮ್ಮ ತೋಟದ ಬೇಲಿಯಷ್ಟು ಸರಳ. ಪಾರ್ಫಿರಿನ್ ಉಂಗುರದ ನಾಲ್ಕು ಮೂಲೆಗಳಲ್ಲಿ ನಾಲ್ಕು ಗೂಟಗಳನ್ನು ಒಂದೇ ಕಡೆಗೆ ನಿಲ್ಲಿಸುವುದು. ಆ ಬೇಲಿಯೊಳಗೆ ಆಮ್ಲಜನಕದ ಚಿಕ್ಕ ಅಣು ನುಸುಳಬಹುದು. ಇನ್ನೊಂದು ಪಾರ್ಫಿರಿನ್‌ನಂಥ ದೊಡ್ಡ ಅಣು ಬರಲಾರದು. ಉಂಗುರದ ಇನ್ನೊಂದು ಮಗ್ಗುಲನ್ನು ಇಮಿಡಜೋಲ್ ಎಂಬ ಅಣು ಮುಚ್ಚುತ್ತದೆ. ಪ್ರೋಟೀನಿನಲ್ಲಿ ಹಿಸ್ಟಿಡಿನ್ ಮಾಡುವ ಕೆಲಸವನ್ನೇ ಇಲ್ಲಿ ಅದು ಮಾಡುತ್ತದೆ. ಇದೇ ಪ್ರಸಿದ್ಧವಾದ 'ಬೇಲಿಗೂಟದ ಪಾರ್ಫಿರಿನ್'.

ಉಪಾಯ ಸರಳವಾದರೂ ಕೈಗೂಡಿಸುವುದು ಸುಲಭವಾಗಿರಲಿಲ್ಲ. ನಾಲ್ಕು ಗೂಟಗಳಲ್ಲಿ ಒಂದೊಂದೂ ಮೇಲಕ್ಕೋ ಕೆಳಕ್ಕೋ ನಿಲ್ಲಬಹುದು. ನಾಲ್ಕು ನಾಣ್ಯಗಳನ್ನು ಚಿಮ್ಮಿದಾಗ ಬರುವ 16 ಬಗೆಗಳಲ್ಲಿ ನಾಲ್ಕೂ ಒಂದೇ ಮುಖವಾಗಿ ಬೀಳುವುದು 2 ಮಾತ್ರ. ಅಂದರೆ ಬೇಕಾದ ವಸ್ತು ಎಂಟರಲ್ಲಿ ಒಂದು ಪಾಲು. ಉಳಿದ ಏಳು ಪಾಲಿನಿಂದ ಅದನ್ನು ಬೇರ್ಪಡಿಸಿ ತೆಗೆಯಬೇಕು. ಈ ಶ್ರಮದ ಫಲ 1973ರಲ್ಲಿ ಮೊದಲ ವರದಿಯಾಗಿಯೂ, 1975ರಲ್ಲಿ ಪೂರ್ಣ ಪ್ರಬಂಧವಾಗಿಯೂ ಅಮೆರಿಕದ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ದ್ರಾವಣದಲ್ಲಿ, ಕೋಣೆಯ ಉಷ್ಣತೆಯಲ್ಲಿ, ಕಬ್ಬಿಣವು ಆಮ್ಲಜನಕವನ್ನು ಹಿಡಿಯಿತು, ಮತ್ತೆ ಬಿಟ್ಟಿತು. ಅದೇ ವರ್ಷಗಳಲ್ಲಿ ಬಾಲ್ಡ್ವಿನ್, ಟ್ರೇಲರ್ ಮೊದಲಾದವರೂ ಬೇರೆ ಬೇರೆ ದಾರಿಗಳಿಂದ ಇದೇ ಗುರಿಯ ಕಡೆಗೆ ನಡೆದಿದ್ದರೆಂಬುದನ್ನು ಇಲ್ಲಿ ಹೇಳಬೇಕು.

ಇದರಿಂದ ಒಂದು ಹಳೆಯ ವಿವಾದವೂ ತೀರಿತು. ಹೀಮ್‌ನ ಮೇಲೆ ಆಮ್ಲಜನಕ ಹೇಗೆ ಕೂತಿದೆ? ಒಂದು ತುದಿಯನ್ನು ಮಾತ್ರ ಊರಿ ಬಾಗಿ ನಿಂತಿದೆಯೆಂದು ಪಾಲಿಂಗ್ ಹೇಳಿದ್ದರು. ಮಗ್ಗುಲಾಗಿ ಮಲಗಿದೆಯೆಂದು 1956ರಲ್ಲಿ ಗ್ರಿಫಿತ್ ಹೇಳಿದ್ದರು. 1974ರಲ್ಲಿ ಬೇಲಿಗೂಟದ ಪಾರ್ಫಿರಿನ್‌ನ ಹರಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಆಮ್ಲಜನಕವು ಬಾಗಿಯೇ ನಿಂತಿರುವುದು ಕಂಡುಬಂದಿತು. ಆಮ್ಲಜನಕವನ್ನು ಹೊತ್ತ ಮಯೋಗ್ಲೋಬಿನ್‌ನ ವಿವರವಾದ ರಚನೆ ಪ್ರಕಟವಾದದ್ದು 1978ರಲ್ಲಿ. ಅಲ್ಲಿಯೂ ಅದು ಬಾಗಿಯೇ ಇತ್ತು. ಪ್ರಕೃತಿ ಕಟ್ಟಿದ ಮನೆಯೊಳಗೆ ಹೋಗಿ ನೋಡುವ ಮೊದಲೇ ಮನುಷ್ಯನು ಕಟ್ಟಿದ ಗುಡಿಸಲು ಒಳಗಿನ ಸಂಗತಿಯನ್ನು ಸರಿಯಾಗಿ ಹೇಳಿತು! ಇಂಥ ಪ್ರಬಂಧವು ಮತ್ತೆ ಮತ್ತೆ ಉಲ್ಲೇಖಗೊಂಡುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ತಿಳಿದ ಮೇಲೆ ಉಲ್ಲೇಖಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಅವೆಲ್ಲ ಒಂದೇ ಜಾತಿಯವಲ್ಲ.

ಮೊದಲನೆಯದು ಉಪಕರಣದ ಉಲ್ಲೇಖ. ಬಡಗಿಗೆ ಉಳಿ ಬೇಕಾದಂತೆ ಸಂಶೋಧಕನಿಗೆ ವಿಧಾನ ಬೇಕು. ಪಿರೋಲ್ ಮತ್ತು ಬೆಂಜಾಲ್ಡಿಹೈಡ್‌ಗಳನ್ನು ಕೂಡಿಸಿ ಪಾರ್ಫಿರಿನ್ ಮಾಡುವುದನ್ನು 1930ರ ದಶಕದಲ್ಲಿ ರೋಥೆಮುಂಡ್ ತೋರಿಸಿದ್ದರು. 1967ರಲ್ಲಿ ಆಡ್ಲರ್, ಲಾಂಗೊ ಮತ್ತು ಸಂಗಡಿಗರು ಪ್ರೊಪಿಯೋನಿಕ್ ಆಮ್ಲದಲ್ಲಿ ಕುದಿಸುವ ಸುಲಭ ವಿಧಾನವನ್ನು ಪ್ರಕಟಿಸಿದರು. ಪಾರ್ಫಿರಿನ್ ಬೇಕಾದವರೆಲ್ಲ ಆ ಚಿಕ್ಕ ಪ್ರಬಂಧಕ್ಕೆ ಋಣಿಗಳಾದರು. ಕಾಲ್ಮನ್ನರ ಬೇಲಿಗೂಟದ ಅಣುವಿನ ತಳಪಾಯವೂ ಇಂಥದೇ ಕ್ರಿಯೆಯಿಂದ ಬಂದದ್ದು. ಮುಂದೆ 1980ರಲ್ಲಿ ಲಿಂಡ್ಸೆ, ಎಂಟರಲ್ಲಿ ಒಂದು ಪಾಲಾಗಿದ್ದ ಆ 'ನಾಲ್ಕೂ ಮೇಲೆ' ಎಂಬ ಬಗೆಯನ್ನು ಸಿಲಿಕಾದ ಸಹಾಯದಿಂದ ಹೆಚ್ಚಿಸುವ ದಾರಿಯನ್ನು ಕಂಡುಹಿಡಿದರು. ಹೀಗೆ ಒಬ್ಬರ ಉಪಕರಣವನ್ನು ಮತ್ತೊಬ್ಬರು ಮಸೆಯುತ್ತ ಹೋದರು. ಇಂಥ ಉಲ್ಲೇಖವು ಉಪಯೋಗವನ್ನು ತೋರಿಸುತ್ತದೆ, ಆಳವನ್ನಲ್ಲ. ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ಹೇಳುವ 1951ರ ಲೌರಿಯವರ ಪ್ರಬಂಧವು ವಿಜ್ಞಾನದಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡಿದ್ದು, ಆ ಸಂಖ್ಯೆ 3 ಲಕ್ಷವನ್ನು ಮೀರಿದೆ. ಅದು ಡಾರ್ವಿನ್ನನ ಗ್ರಂಥಕ್ಕಿಂತ ಹಿರಿದೆಂದು ಯಾರೂ ಹೇಳುವುದಿಲ್ಲ.

ಎರಡನೆಯದು ತಳಹದಿಯ ಉಲ್ಲೇಖ. 1974 ಮತ್ತು 1975ರ ಪ್ರಬಂಧಗಳನ್ನು ಈ ಗುಂಪಿಗೆ ಸೇರಿಸಬಹುದು. ಅವುಗಳ ಮೇಲೆ ಇತರರು ಕಟ್ಟಿದರು, ಕಾಲ್ಮನ್ನರೇ ಕಟ್ಟಿದರು. ಎರಡು ಕೋಬಾಲ್ಟ್ ಪಾರ್ಫಿರಿನ್‌ಗಳನ್ನು ಮುಖಾಮುಖಿಯಾಗಿ ನಿಲ್ಲಿಸಿದರೆ ಆಮ್ಲಜನಕವು ನಾಲ್ಕು ಎಲೆಕ್ಟ್ರಾನ್‌ಗಳನ್ನು ಪಡೆದು ನೇರವಾಗಿ ನೀರಾಗುವುದೆಂದು ಅವರೂ ಆನ್ಸನ್ನರ ತಂಡದವರೂ 1980ರಲ್ಲಿ ತೋರಿಸಿದರು. ನಾವು ಉಸಿರಾಡುವ ಆಮ್ಲಜನಕವನ್ನು ನೀರಾಗಿಸುವ ಕಿಣ್ವದ ಅಣಕವನ್ನು ಕಬ್ಬಿಣ, ತಾಮ್ರಗಳಿಂದ ಕಟ್ಟಿ 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1973ರ ಬೇಲಿಯಿಂದ ಅಲ್ಲಿಗೆ 34 ವರ್ಷಗಳ ದಾರಿ.

ಮೂರನೆಯದು ವಿವಾದದ ಉಲ್ಲೇಖ. ಗುರುತು ಬಿಟ್ಟುಹೋದುದರ ಪರಿಣಾಮ ಇಲ್ಲಿ ಕಾಣುತ್ತದೆ. ಕೆಂಡದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಿಷಾನಿಲ; ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟುಕೊಂಡು ಮಲಗಿದವರನ್ನು ಅದು ಕೊಲ್ಲುತ್ತದೆ. ಬಿಡಿಯಾದ ಹೀಮ್ ಆಮ್ಲಜನಕಕ್ಕಿಂತ ಇದನ್ನು ಸುಮಾರು 20,000 ಪಾಲು ಬಿಗಿಯಾಗಿ ಹಿಡಿಯುತ್ತದೆ. ಹಿಮೋಗ್ಲೋಬಿನ್‌ನಲ್ಲಿ ಈ ಪಕ್ಷಪಾತ ಸುಮಾರು 200 ಪಾಲಿಗೆ ಇಳಿಯುತ್ತದೆ. ಇಳಿಯದಿದ್ದರೆ ನಾವು ಬದುಕುತ್ತಿರಲಿಲ್ಲ. ಇದಕ್ಕೆ ಕಾರಣವೇನು? 1976ರಲ್ಲಿ ಕಾಲ್ಮನ್, ಬ್ರೌಮನ್, ಹಾಲ್ಬರ್ಟ್ ಮತ್ತು ಸಸ್ಲಿಕ್ ಒಂದು ಸುಂದರವಾದ ವಿವರಣೆಯನ್ನಿತ್ತರು. ಕಾರ್ಬನ್ ಮಾನಾಕ್ಸೈಡ್ ನೆಟ್ಟಗೆ ನಿಲ್ಲಬಯಸುವ ಅಣು. ಆಮ್ಲಜನಕ ಬಾಗಿ ನಿಲ್ಲುವಂಥದು. ಪ್ರೋಟೀನಿನ ಕೋಣೆಯ ತಾರಸಿ ತಗ್ಗಾಗಿದೆ. ನೆಟ್ಟಗೆ ನಿಲ್ಲುವವನಿಗೆ ತಲೆ ತಗಲುತ್ತದೆ, ಬಾಗಿ ನಿಂತವನಿಗೆ ತೊಂದರೆಯಿಲ್ಲ. ಈ ವಿವರಣೆ ಪಠ್ಯಪುಸ್ತಕಗಳನ್ನು ಸೇರಿತು. ಹಲವು ತಲೆಮಾರುಗಳ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯಲ್ಲಿ ಬರೆದರು.

ಕಾಲಾಂತರದಲ್ಲಿ ಪ್ರೋಟೀನಿನ ಒಂದೊಂದು ಭಾಗವನ್ನೇ ಬೇಕಾದಂತೆ ಬದಲಾಯಿಸುವ ವಿದ್ಯೆ ಬಂದಿತು. ತಾರಸಿಯಂತಿದ್ದ ಹಿಸ್ಟಿಡಿನನ್ನು ತೆಗೆದಾಗ ಕಾರ್ಬನ್ ಮಾನಾಕ್ಸೈಡಿನ ಹಿಡಿತ ಹೆಚ್ಚಿದ್ದು ಸ್ವಲ್ಪ. ಆಮ್ಲಜನಕದ ಹಿಡಿತ ಸಡಿಲವಾದದ್ದು ಬಹಳ. ಅಂದರೆ ಹಿಸ್ಟಿಡಿನ್ ವಿಷವನ್ನು ತಡೆಯುವುದಕ್ಕಿಂತ ಹೆಚ್ಚಾಗಿ, ಆಮ್ಲಜನಕಕ್ಕೆ ಜಲಜನಕ ಬಂಧದ ಕೈಯಾಸರೆ ಕೊಡುತ್ತದೆ. ಸ್ಪ್ರಿಂಗರ್, ಸ್ಲೈಗರ್, ಓಲ್ಸನ್, ಫಿಲಿಪ್ಸ್ ಅವರ 1994ರ ಸಮೀಕ್ಷೆ ಈ ನಿಲುವನ್ನು ವಿವರವಾಗಿ ಮಂಡಿಸಿತು. ಮಯೋಗ್ಲೋಬಿನ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಮೆ ನೆಟ್ಟಗೇ ನಿಂತಿದೆಯೆಂದು 1995ರಲ್ಲಿ ಅಳೆದು ತೋರಿಸಲಾಯಿತು. ತಗ್ಗು ತಾರಸಿಯ ಕಥೆ ಹಿಂದೆ ಸರಿಯಿತು.

ಈಗ ವಿಚಾರಮಾಡಿರಿ. 1976ರ ಪ್ರಬಂಧವನ್ನು ಒಪ್ಪಿದವರೂ ಉಲ್ಲೇಖಿಸಿದರು, ಅಲ್ಲಗಳೆದವರೂ ಉಲ್ಲೇಖಿಸಿದರು. ಎಣಿಕೆಯಲ್ಲಿ ಎರಡೂ ಕೂಡಿಯೇ ಹೋದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಸಂಖ್ಯೆಗಳಿಗೂ ಅನ್ವಯಿಸಬೇಕು. ಹಾಗೆಂದು ಆ ಪ್ರಬಂಧ ವ್ಯರ್ಥವಾಯಿತೆ? ಎಂದಿಗೂ ಇಲ್ಲ. ಪರೀಕ್ಷಿಸಲು ಸಾಧ್ಯವಾಗುವಷ್ಟು ಸ್ಪಷ್ಟವಾಗಿ ಅದು ಮಾತನಾಡಿತು. ಸ್ಪಷ್ಟವಾಗಿ ಹೇಳಿದ್ದರಿಂದಲೇ ಅದನ್ನು ಮೀರಿ ಹೋಗಲು ಸಾಧ್ಯವಾಯಿತು. ಆದರೆ ಈ ಗುಣವೂ ಅಂಕದಲ್ಲಿ ಕಾಣುವುದಿಲ್ಲ. ಪ್ರಬಂಧವನ್ನು ಓದಿದವರಿಗೆ ಮಾತ್ರ ಕಾಣುತ್ತದೆ.

ಇನ್ನು ಉಲ್ಲೇಖಕ್ಕೆ ಸಿಕ್ಕದೆ ಹೋಗುವ ಪ್ರಭಾವವೂ ಉಂಟು. ಕಬ್ಬಿಣ, ಸೋಡಿಯಂ ಮತ್ತು ಕಾರ್ಬನ್ ಮಾನಾಕ್ಸೈಡುಗಳ ಒಂದು ಸಂಯುಕ್ತವನ್ನು ಸಾವಯವ ಸಂಶ್ಲೇಷಣೆಗೆ ಹೇಗೆ ಬಳಸಬಹುದೆಂಬುದನ್ನು ಕಾಲ್ಮನ್ 1975ರಲ್ಲಿ ವಿವರಿಸಿದರು. ಇಂದು ಅದಕ್ಕೆ 'ಕಾಲ್ಮನ್ ಕಾರಕ' ಎಂದೇ ಹೆಸರು. ಹೆಸರು ರೂಢಿಯಾದ ಮೇಲೆ ಮೂಲ ಪ್ರಬಂಧವನ್ನು ತೆಗೆದು ನೋಡುವವರಾರು? ರೂಢಿಯ ಮಾತಾದುದೇ ದೊಡ್ಡ ಗೌರವ. ಎಣಿಕೆಗೆ ಮಾತ್ರ ಅದು ನಷ್ಟ. ಹೆಗೆಡಸ್ ಅವರೊಡನೆ 1980ರಲ್ಲಿ ಬರೆದ ಸಾವಯವ ಲೋಹ ರಸಾಯನದ ಪಠ್ಯಪುಸ್ತಕವೂ ಹೀಗೆಯೇ. ಅದನ್ನೋದಿ ಕಲಿತವರು ತಮ್ಮ ಪ್ರತಿಯೊಂದು ಪ್ರಬಂಧದಲ್ಲಿಯೂ ಅದನ್ನು ಹೆಸರಿಸಲಾರರು. 1968ರಲ್ಲಿ ಸ್ಟಾನ್‌ಫರ್ಡ್‌ಗೆ ಬಂದು ಒಂದು ವರ್ಷ ಕಾಲ್ಮನ್ನರ ಬಳಿ ಕೆಲಸಮಾಡಿದ ತರುಣ ರಾಬರ್ಟ್ ಗ್ರಬ್ಸ್ ಸಾವಯವ ಲೋಹ ರಸಾಯನದ ದಾರಿ ಹಿಡಿದು, 2005ರಲ್ಲಿ ನೊಬೆಲ್ ಪಾರಿತೋಷಕದ ಪಾಲುಗಾರರಾದರು. ಗುರುವಿನ ಸಹವಾಸವನ್ನು ಯಾವ ಸೂಚಿಯಲ್ಲಿ ಎಣಿಸುವುದು?

ಹಾಗಾದರೆ ಉಲ್ಲೇಖಸೂಚಿಯನ್ನು ಬಿಸಾಡಬೇಕೆ? ಹಾಗೆನ್ನುವುದು ಅವಿವೇಕ. ಒಂದು ಕೆಲಸ ಯಾರನ್ನು ಮುಟ್ಟಿತು, ಎಲ್ಲೆಲ್ಲಿ ಹರಡಿತು ಎಂಬುದನ್ನು ಅದರಷ್ಟು ಚೆನ್ನಾಗಿ ತಿಳಿಸುವ ಸಾಧನ ಮತ್ತೊಂದಿಲ್ಲ. ವಶೀಲಿಯಿಂದ ಬಡ್ತಿ ಕೊಡುವುದಕ್ಕಿಂತ ಎಣಿಸಿ ಕೊಡುವುದು ಮೇಲೆಂಬ ವಾದದಲ್ಲಿಯೂ ಹುರುಳಿದೆ. ಆದರೆ ಎಣಿಕೆಯನ್ನು ಓದಿನ ಸ್ಥಾನದಲ್ಲಿ ಕೂರಿಸಬಾರದು. 2012ರಲ್ಲಿ ಸಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ವಿಜ್ಞಾನಿಗಳೂ ಸಂಪಾದಕರೂ ಒಂದು ಘೋಷಣೆಯನ್ನು ಸಿದ್ಧಪಡಿಸಿ ಮರುವರ್ಷ ಪ್ರಕಟಿಸಿದರು. ಪತ್ರಿಕೆಯ ಅಂಕವನ್ನು ನೋಡಿ ಪ್ರಬಂಧದ ಬೆಲೆಯನ್ನು ಕಟ್ಟಬಾರದು, ಪ್ರಬಂಧದೊಳಗೆ ಏನಿದೆಯೆಂಬುದನ್ನು ನೋಡಬೇಕು ಎಂಬುದು ಅದರ ತಿರುಳು.

ವಿದ್ಯಾರ್ಥಿಮಿತ್ರರಲ್ಲಿ ಒಂದು ವಿಜ್ಞಾಪನೆ. ಒಬ್ಬ ವಿಜ್ಞಾನಿಯ ಹೆಸರಿನ ಮುಂದೆ ದೊಡ್ಡ ಸಂಖ್ಯೆಯನ್ನು ಕಂಡಾಗ 'ಎಷ್ಟು ಸಲ?' ಎಂದು ಕೇಳಿ ನಿಲ್ಲಬೇಡಿರಿ. 'ಯಾವುದಕ್ಕಾಗಿ?' ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ. ಉಳಿಯಾಗಿ ಬಳಸಿದರೇ, ತಳಹದಿಯಾಗಿ ಊರಿದರೇ, ಎದುರಾಳಿಯಾಗಿ ಎದುರಿಸಿದರೇ? ವಕೀಲರ ಸೂಚಿಯಲ್ಲಿದ್ದ ಗುರುತನ್ನು ವಿಜ್ಞಾನದ ಎಣಿಕೆ ಬಿಟ್ಟಿದ್ದರೆ, ಓದುಗರಾದ ನಾವೇ ಅದನ್ನು ಹಾಕಿಕೊಳ್ಳಬೇಕು. ಅದಕ್ಕೆ ಮೂಲ ಪ್ರಬಂಧವನ್ನು ತೆರೆದು ಓದುವುದೊಂದೇ ದಾರಿ.